ಸಂಪಿನ ಸ್ವಿಚ್ಚು

ನಾನಿರುವುದು ಮತ್ತಿಕೆರೆಯಲ್ಲಿ, ಮೂರನೇ ಮಹಡಿ.
ನಲ್ಲಿ ನನ್ನದು, ಬಕೆಟ್ಟು ನನ್ನದು, ನೀರಿನ ದುಡ್ಡೂ ನನ್ನದೇ.
ಸಂಪಿನ ಮೋಟಾರಿನ ಸ್ವಿಚ್ಚು ಮಾತ್ರ ಕೆಳಗೆ,
ಓನರ್ ಪದ್ಮಾಕ್ಷಮ್ಮನವರ ಅಡುಗೆಮನೆಯಲ್ಲಿ,
ಉಪ್ಪಿನ ಡಬ್ಬಿಯ ಹಿಂದೆ.

ಇದನ್ನು ಯಾಕೆ ಹೇಳಿದೆನೆಂದರೆ
ನಿನ್ನೆ ರಾತ್ರಿ ಯಶವಂತಪುರ ಯಾರ್ಡಿನ
ಗೋಣಿಚೀಲದಂಗಡಿಯ ಮೇಲಿನ ಕೋಣೆಯಲ್ಲಿ
ಇಂಥದೇ ಒಂದು ವ್ಯಾಜ್ಯ ಬಿಡಿಸಲು ಕೂತಿದ್ದೆ.

ಒಂದು ಸರ್ವರು. ಅದರ ಹೊಟ್ಟೆಯಲ್ಲಿ ಇನ್ನೊಂದು ಯಂತ್ರ,
ಮೈಯಿಲ್ಲದ್ದು, ಇದೆ ಎಂದುಕೊಂಡರೆ ಇದೆ.
ವೇಬ್ರಿಡ್ಜಿನ ಲೆಕ್ಕವೆಲ್ಲ ಅದರ ತಲೆಯಲ್ಲಿ.
ಅದಕ್ಕೊಂದು ಸ್ವಂತ ನೆಟ್‌ವರ್ಕ್ ಕಾರ್ಡು ಇರಲಿ ಎಂದು
ಎಸ್.ಪಿ. ರೋಡಿನಿಂದ ತಂದಿದ್ದೆ,
ಸೆಕೆಂಡ್ ಹ್ಯಾಂಡು, ಸಾವಿರದ ಎಂಟುನೂರು, ಬಿಲ್ಲಿಲ್ಲ.

ಹೊರಗಿನದಕ್ಕೆ ಕಾರ್ಡು ಕಾಣುತ್ತದೆ.
ಒಳಗಿನದಕ್ಕೆ ಕಾಣದು.
ನಾಲ್ಕಕ್ಕೆ ಈರುಳ್ಳಿ ಲಾರಿ ಬರುತ್ತವೆ.

ಬಯೋಸಿನ ಆಳದಲ್ಲಿ ಒಂದು ಸಾಲು
ಫ್ಯಾಕ್ಟರಿ ಬಿಟ್ಟ ದಿನದಿಂದ ‘ಬೇಡ’ ಎಂದು ಕೂತಿತ್ತು.
‘ಬೇಕು’ ಮಾಡಿದೆ.
ಆಮೇಲೆ ಗುಂಪಿನ ರಗಳೆ. ಕೊಟ್ಟರೆ ಗುಂಪನ್ನೇ ಕೊಡಬೇಕು,
ಅಕ್ಕನ ಜೊತೆ ತಂಗಿ, ತಂಗಿಯ ಜೊತೆ ಅವಳ ಹೊಲಿಗೆ ಮೆಷೀನು.
ಕೊಟ್ಟೆ.
ನನ್ನ ಬೆರಳಡಿಯ ಕೀಬೋರ್ಡೂ ಅತ್ತ ಹೊರಟುಹೋಯಿತು.

ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಬೇರೆ ಸ್ಲಾಟಿಗೆ ಹಾಕಿದೆ.
ಆದರೂ ಪ್ರತಿಸಲ ಏಳುವಾಗ
ಹೊರಗಿನದೇ ಮೊದಲು ಎದ್ದು ಕಾರ್ಡನ್ನು ಬಾಚಿಕೊಳ್ಳುತ್ತಿತ್ತು.
ದೇವರು ವರ ಕೊಟ್ಟರೂ ಪೂಜಾರಿ ಕೊಡ.
ಸರಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ
ಕರ್ಚೀಫು ಎಸೆದು ಸೀಟು ಹಿಡಿಯುವ ಹಾಗೆ
ಏನೂ ಮಾಡದ ಒಂದು ಡ್ರೈವರನ್ನು
ಮುಂಚೆಯೇ ಅದರ ಮೇಲೆ ಕೂರಿಸಿದೆ.

ಆಗ ಫರ್ಜಾನಾಳ ಫೋನು:
“ಸರ್ವರೇ ಕಾಣ್ತಿಲ್ಲ ಕಣೆ.”
“ಇದೆಯಲ್ಲ, ಮೊಣಕೈ ತಾಗ್ತಿದೆ.”
“ನಿನಗಿರಬಹುದು. ನನಗಿಲ್ಲ.”

ಸ್ಲಾಟು ಬದಲಾದಾಗ ಮನೆ ನಂಬರೂ ಬದಲಾಗಿತ್ತು.
ನಮ್ಮ ಬೀದಿಯ ಗೋಡೆಗಳ ಮೇಲೆ
ಹಳೇ ನಂಬರು, ಹೊಸ ನಂಬರು ಎಂದು ಎರಡೆರಡು ಇರುತ್ತವಲ್ಲ, ಹಾಗೆ.
ಹಳೇ ನಂಬರಿನಲ್ಲಿ ಈಗ ವಾಸವಿದ್ದದ್ದು
ಸರ್ವರಿನದೇ ಕಾರ್ಡು.
ಓನರನ್ನೇ ಮನೆ ಖಾಲಿ ಮಾಡಿಸಿದ್ದೆ.

ವಾಚ್‌ಮನ್ ದೊಡ್ಡರಂಗಪ್ಪ ಟೀ ತಂದಿಟ್ಟು ನೋಡುತ್ತ ನಿಂತ.
“ಯಾರಿಗೆ ಬೇಕಮ್ಮ ಇದು?”
“ಒಳಗಿರೋದಕ್ಕೆ.”
“ಒಳಗೆ ಯಾರಿದಾರೆ?”
“ಯಾರೂ ಇಲ್ಲ.”
“ಯಾರೂ ಇಲ್ದೋರಿಗೆ ಇಷ್ಟು ಪಂಚಾಯ್ತಿಯಾ,” ಎಂದು
ಕೆಳಗಿಳಿದು ಹೋದ.

ಮೂರೂ ಇಪ್ಪತ್ತಕ್ಕೆ ದೀಪ ಬಂತು.
ಹಸಿರು ನಿಂತಿತು, ಕಿತ್ತಳೆ ಮಿಣುಕಿತು.
ನಾನು ಸುಮ್ಮನಿರಬೇಕಿತ್ತು.
ಒಳಗಿನದನ್ನು ಒಂದು ಸಲ ಮಲಗಿಸಿ ಎಬ್ಬಿಸಿ ನೋಡೋಣವೆಂದೆ.
ಎದ್ದಿತು. ದೀಪ ಏಳಲಿಲ್ಲ.
ಮೊದಲಿನ ಎಚ್ಚರವನ್ನೇ ಹಿಡಿದುಕೊಂಡು ಕೂತಿದೆ ಕಾರ್ಡು,
ಮರೆಯಲು ಬರುವುದಿಲ್ಲ ಅದಕ್ಕೆ.
ಗೋಡೆಯಿಂದ ವೈರು ಕಿತ್ತು,
ಪೂರ್ತಿ ಕತ್ತಲು ಮಾಡಿ ಇಪ್ಪತ್ತು ಎಣಿಸಿದರೆ ಮಾತ್ರ
ಹೊಸದಾಗಿ ಹುಟ್ಟುತ್ತದೆ.

ಇದಕ್ಕೆ ಔಷಧ ನನಗೆ ಸಿಗಲಿಲ್ಲ.
ಚೀಲದ ಮೇಲೆ ತೂಕ ಬರೆಯುವ ಮಾರ್ಕರಿನಲ್ಲಿ
ರಟ್ಟಿನ ಮೇಲೆ ಬರೆದು ತೂಗುಹಾಕಿದೆ:
ರೀಸ್ಟಾರ್ಟ್ ಮಾಡಬೇಡಿ. ಮಾಡಲೇಬೇಕಿದ್ದರೆ ಇಪ್ಪತ್ತು ಎಣಿಸಿ.

ಬಾಗಲಕೋಟೆಯ ಲಾರಿ ಮೊದಲು ಹತ್ತಿತು.
ಹದಿನೆಂಟು ಸಾವಿರದ ಆರುನೂರ ನಲವತ್ತು ಕಿಲೋ.
ಚೀಟಿ ಬಂತು. ಡ್ರೈವರ್ ಅದನ್ನು ಓದಲೂ ಇಲ್ಲ,
ಮಡಚಿ ಕಿವಿಗೆ ಸಿಕ್ಕಿಸಿಕೊಂಡ.

ಮನೆಗೆ ಬಂದಾಗ ಆರೂವರೆ.
ಮೆಟ್ಟಿಲ ಮೇಲೆ ನೀರು ಒಂದೊಂದಾಗಿ ಇಳಿದು ಬರುತ್ತಿತ್ತು.
ನಿನ್ನೆ ಒಣನಲ್ಲಿಯನ್ನು ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದೆ,
ಟವೆಲ್ಲು ಮೋರಿಗೆ ಅಡ್ಡ ಬಿದ್ದಿತ್ತೇನೋ.
ಪದ್ಮಾಕ್ಷಮ್ಮ ಸೀರೆ ಎತ್ತಿ ಕಟ್ಟಿ ಪೊರಕೆ ಹಿಡಿದು ನಿಂತಿದ್ದರು.
“ನಿಮಗೆ ನೀರಿಲ್ಲ ಅಂತ
ನಾಲ್ಕಕ್ಕೇ ಎದ್ದು ಸ್ವಿಚ್ ಹಾಕ್ದೆ.”

ಕೈಚಾಚಿ ಪೊರಕೆ ಕೇಳಿದೆ.
ಕೊಡಲಿಲ್ಲ.